ಚೆನ್ನಪಟ್ಟಣದ ಬಾಗಿಲಲ್ಲಿ ಹೈದರ್: 1767–69ರ ಯುದ್ಧದಲ್ಲಿ ಮದರಾಸು ಕೌನ್ಸಿಲಿನ ನೀತಿ

ಬೆಂಗಳೂರಿನಿಂದ ಈ ನಗರಕ್ಕೆ ರೈಲಿನಲ್ಲಿ ಬರುವ ನಮ್ಮವರು ಜೋಲಾರಪೇಟೆಯನ್ನು ದಾಟಿದ ಮೇಲೆ ವಾಣಿಯಂಬಾಡಿ, ಆಂಬೂರುಗಳನ್ನು ಹಾದು ಬರುತ್ತಾರೆ. ಆಂಬೂರಿನ ಬಳಿ ದುರ್ಗವಿದ್ದ ಗುಡ್ಡವೊಂದಿದೆ. ಅದರ ಕಡೆಗೆ ಕಣ್ಣೆತ್ತಿ ನೋಡುವವರು ವಿರಳ. 1767ನೆಯ ಇಸವಿಯ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಹೈದರಾಲಿಯ ದಂಡು ಆ ದುರ್ಗವನ್ನು ಮುತ್ತಿತ್ತು; ಕಾಲ್ವರ್ಟ್ ಎಂಬ ಕ್ಯಾಪ್ಟನ್ನನು ಅದನ್ನು ಬಿಟ್ಟುಕೊಡದೆ ಕಾದನು. ಬಂಗಾರಪೇಟೆಯಿಂದ ಅರಕ್ಕೋಣದವರೆಗಿನ ಈ ದಾರಿಯ ಇಕ್ಕೆಲಗಳಲ್ಲಿ ಅಂದು ನಡೆದ ಯುದ್ಧವು ನಮ್ಮ ಶಾಲಾಪುಸ್ತಕಗಳಲ್ಲಿ ‘ಮೊದಲನೆಯ ಮೈಸೂರು ಯುದ್ಧ’ ಎಂಬ ಹೆಸರಿನಿಂದ ಅರ್ಧ ಪುಟದಲ್ಲಿ ಮುಗಿದುಹೋಗುತ್ತದೆ. ಆ ಅರ್ಧ ಪುಟದಲ್ಲಿಯೂ ಹೈದರನ ಸಾಹಸಕ್ಕೆ ಸ್ಥಾನವುಂಟೇ ಹೊರತು, ಈ ಯುದ್ಧವನ್ನು ಹೂಡಿದ ಸರಕಾರವು ಯಾವ ಲೆಕ್ಕಾಚಾರದಿಂದ ಹೂಡಿತು, ಆ ಲೆಕ್ಕಾಚಾರವನ್ನು ಅದರ ಸ್ವಂತ ಜನರೇ ಹೇಗೆ ಖಂಡಿಸಿದರು ಎಂಬುದಕ್ಕೆ ಸ್ಥಾನವಿಲ್ಲ. ಪ್ರಕೃತ ಲೇಖನದಲ್ಲಿ ಆ ಎರಡನೆಯ ವಿಷಯವನ್ನು ಮಾತ್ರ ವಿಚಾರಿಸಲಾಗಿದೆ. ಆ ಸರಕಾರವು ಕುಳಿತಿದ್ದುದು ನಾವು ಇಂದು ವಾಸಿಸುವ ಈ ಊರಿನ ಕೋಟೆಯಲ್ಲಿಯೇ ಆದ್ದರಿಂದ, ಇದು ನಮಗೆ ದೂರದ ವಿಷಯವೆನಿಸಲಾರದು.

ಮೊದಲು ಯುದ್ಧದ ಕಾರಣ. 1766ರ ನವೆಂಬರಿನಲ್ಲಿ ಕುಂಪಣಿಯು ಹೈದರಾಬಾದಿನ ನಿಜಾಮನೊಡನೆ ಒಂದು ಕೌಲು ಮಾಡಿಕೊಂಡಿತು. ಉತ್ತರ ಸರ್ಕಾರುಗಳೆಂಬ ಸಮುದ್ರತೀರದ ಜಿಲ್ಲೆಗಳು ಕುಂಪಣಿಗೆ ದೊರೆಯುವುದು, ಪ್ರತಿಯಾಗಿ ನಿಜಾಮನು ಕರೆದಾಗ ಕುಂಪಣಿಯ ದಂಡು ಅವನ ನೆರವಿಗೆ ಹೋಗುವುದು ಎಂಬುದು ಅದರ ಸಾರ. ಯಾರ ಮೇಲೆ, ಎಷ್ಟು ಕಾಲ, ಎಷ್ಟು ದೂರ ಎಂಬ ಪ್ರಶ್ನೆಗಳನ್ನು ಗವರ್ನರನಾಗಲಿ ಕೌನ್ಸಿಲಿನ ಸದಸ್ಯರಾಗಲಿ ಗಂಭೀರವಾಗಿ ಕೇಳಿಕೊಂಡಂತೆ ತೋರುವುದಿಲ್ಲ. ನಿಜಾಮನು ಕರೆದುದು ಮೈಸೂರಿನ ಮೇಲೆ. 1767ರಲ್ಲಿ ಪೇಶ್ವೆ ಮಾಧವರಾಯನು ಉತ್ತರದಿಂದ ಮೈಸೂರು ಸೀಮೆಗೆ ನುಗ್ಗಿದನು. ಹೈದರನು ಹಣ ತೆತ್ತು ಅವನನ್ನು ಹಿಂದಿರುಗಿಸಿದನು. ಬಳಿಕ ನಿಜಾಮನನ್ನೂ ಒಲಿಸಿಕೊಂಡನು. ಮಿತ್ರನಿಗೆ ನೆರವಾಗಲೆಂದು ಘಟ್ಟ ಹತ್ತಿ ಹೋಗಿದ್ದ ಕರ್ನಲ್ ಜೋಸೆಫ್ ಸ್ಮಿತ್ತನು, ಆ ಮಿತ್ರನೇ ಶತ್ರುವಿನೊಡನೆ ಕೂಡಿ ತನ್ನ ಮೇಲೆ ಬೀಳುವುದನ್ನು ಕಂಡು ಹಿಂದೆಗೆಯಬೇಕಾಯಿತು. ಪರರ ಜಗಳಕ್ಕೆ ಕೈಯೊಡ್ಡಿದ ಸರಕಾರವೊಂದು ಕೆಲವೇ ತಿಂಗಳಲ್ಲಿ ಆ ಜಗಳದ ಪೂರ್ಣ ಭಾರವನ್ನು ತಾನೊಂದೇ ಹೊತ್ತು ನಿಂತಿತು.

ಸ್ಮಿತ್ತನು ಸಮರ್ಥ ಸೇನಾನಿ. 1767ರ ಸೆಪ್ಟೆಂಬರಿನಲ್ಲಿ ಚಂಗಮದಲ್ಲಿಯೂ ಅದೇ ತಿಂಗಳ ಕೊನೆಗೆ ತಿರುವಣ್ಣಾಮಲೆಯಲ್ಲಿಯೂ ಅವನು ಸಂಖ್ಯೆಯಲ್ಲಿ ತನಗಿಂತ ಬಹುಪಾಲು ಹಿರಿದಾದ ದಂಡುಗಳನ್ನು ಸೋಲಿಸಿದನು. ಆದರೆ ಈ ಜಯಗಳಿಂದ ಫಲವೇನೂ ಬರಲಿಲ್ಲ. ಏಕೆಂದರೆ ಗೆದ್ದ ದಂಡಿಗೆ ಉಣ್ಣಲು ಅಕ್ಕಿಯಿರಲಿಲ್ಲ. ತಿರುವಣ್ಣಾಮಲೆಯಲ್ಲಿ ದಾಸ್ತಾನು ಸಿದ್ಧವಾಗಿರುತ್ತದೆಂದು ಆರ್ಕಾಟಿನ ನವಾಬ ಮಹಮ್ಮದಾಲಿಯ ಕಡೆಯವರು ಮಾತು ಕೊಟ್ಟಿದ್ದರು. ಸ್ಮಿತ್ತನು ಬಂದು ನೋಡಿದಾಗ ಅಲ್ಲಿ ದಾಸ್ತಾನಿರಲಿಲ್ಲ. ಅವನಿಗೆ ಸಾಕಷ್ಟು ಅಶ್ವದಳವೂ ಇರಲಿಲ್ಲ. ಹೈದರನ ಬಲವೆಲ್ಲ ಕುದುರೆಯಲ್ಲಿತ್ತು. ಓಡುವ ಶತ್ರುವನ್ನು ಬೆನ್ನಟ್ಟಲು ಕುದುರೆಯಿಲ್ಲದ, ನಿಂತ ಕಡೆ ಉಣ್ಣಲು ಕಾಳಿಲ್ಲದ ದಂಡು ಎಷ್ಟು ಕದನಗಳನ್ನು ಗೆದ್ದರೂ ಯುದ್ಧವನ್ನು ಗೆಲ್ಲಲಾರದೆಂಬುದು ಸ್ಮಿತ್ತನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಕೋಟೆಯಲ್ಲಿ ಕುಳಿತವರಿಗೆ. ಅದೇ ಸೆಪ್ಟೆಂಬರಿನಲ್ಲಿ ಹದಿನೇಳರ ಆಸುಪಾಸಿನ ಹುಡುಗನಾಗಿದ್ದ ಟಿಪ್ಪುವು ಒಂದು ಸವಾರರ ತಂಡದೊಡನೆ ಮದರಾಸಿನ ಹೊರವಲಯಕ್ಕೇ ನುಗ್ಗಿ, ಕೌನ್ಸಿಲಿನ ದೊರೆಗಳ ತೋಟದ ಮನೆಗಳನ್ನು ಸೂರೆಗೊಂಡನು. ಗವರ್ನರನು ಸೆರೆಯಾಗದೆ ಪಾರಾದುದು ಅದೃಷ್ಟದಿಂದ. ಇಷ್ಟಾದರೂ ಪಾಠ ಕಲಿತ ಚಿಹ್ನೆ ಕಾಣಲಿಲ್ಲ.

1768ರ ಫೆಬ್ರವರಿಯಲ್ಲಿ ನಿಜಾಮನು ಮತ್ತೆ ಕುಂಪಣಿಯ ಕಡೆಗೆ ತಿರುಗಿದನು. ಅವನೊಡನೆ ಆದ ಹೊಸ ಒಪ್ಪಂದವನ್ನು ಓದುವವರಿಗೆ ಇಂದಿಗೂ ಬೆರಗಾಗದೆ ಇರದು. ಅದರಲ್ಲಿ ಹೈದರನನ್ನು ರಾಜ್ಯಾಪಹಾರಿ ಎಂದು ಘೋಷಿಸಲಾಯಿತು. ಕರ್ಣಾಟಕ ಬಾಲಾಘಾಟಿನ, ಎಂದರೆ ಮೈಸೂರು ಸೀಮೆಯ, ದಿವಾನಗಿರಿಯನ್ನು ನಿಜಾಮನು ಕುಂಪಣಿಗೆ ದಯಪಾಲಿಸಿದನು. ಅದಕ್ಕಾಗಿ ಕುಂಪಣಿಯು ಅವನಿಗೆ ವರ್ಷಕ್ಕೆ 7 ಲಕ್ಷ ರೂಪಾಯಿ ಕೊಡತಕ್ಕದ್ದು, ಮರಾಠರ ಚೌಥವನ್ನೂ ಸಲ್ಲಿಸತಕ್ಕದ್ದು. ಕೊಡುವವನ ಕೈಯಲ್ಲಿ ಆ ಸೀಮೆ ಇರಲಿಲ್ಲ. ಕೊಳ್ಳುವವನ ಕೈಗೂ ಅದು ಬಂದಿರಲಿಲ್ಲ. ಇರದ ಹೊಲಕ್ಕೆ ಗೇಣಿಚೀಟಿ ಬರೆಸಿಕೊಂಡಂತಾಯಿತು. ಆದರೆ ಆ ಕಾಗದದಿಂದ ಒಂದು ನಿಜವಾದ ಪರಿಣಾಮವಾಯಿತು: ರಕ್ಷಣೆಗಾಗಿ ಹೂಡಿದುದೆಂದು ಹೇಳಿಕೊಂಡಿದ್ದ ಯುದ್ಧವು ಅಂದಿನಿಂದ ಒಂದು ದೇಶವನ್ನು ಗೆಲ್ಲುವ ಯುದ್ಧವಾಗಿಬಿಟ್ಟಿತು. ಗುರಿಯು ಹಿರಿದಾಯಿತು, ಸಾಧನವು ಮೊದಲಿದ್ದಷ್ಟೇ ಉಳಿಯಿತು.

ಪಶ್ಚಿಮ ಕರಾವಳಿಯ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮುಂಬಯಿಯಿಂದ ಬಂದ ದಂಡು 1768ರ ಮೊದಲಲ್ಲಿ ಮಂಗಳೂರನ್ನು ಹಿಡಿಯಿತು. ಮೇ ತಿಂಗಳಲ್ಲಿ ಹೈದರನು ಬರಲು, ಗಾಯಾಳುಗಳನ್ನೂ ರೋಗಿಗಳನ್ನೂ ಅಲ್ಲಿಯೇ ಬಿಟ್ಟು ಹಡಗು ಹತ್ತಿತು.

ಹೈದರನು ಕರಾವಳಿಯಲ್ಲಿದ್ದ ಆ ಅವಕಾಶದಲ್ಲಿ ಮದರಾಸಿನ ದಂಡು ಬಾರಾಮಹಲಿನ ದುರ್ಗಗಳನ್ನೂ ಹೊಸೂರು, ಮುಳಬಾಗಿಲು, ಕೋಲಾರಗಳನ್ನೂ ವಶಪಡಿಸಿಕೊಂಡಿತು. ಕೌನ್ಸಿಲಿನ ಯುದ್ಧನೀತಿಯ ದೋಷಗಳು ಒಟ್ಟಾಗಿ ಪ್ರಕಟವಾದುದು ಈ ಘಟ್ಟದಲ್ಲಿ. ಗವರ್ನರ್ ಚಾರ್ಲ್ಸ್ ಬೂರ್ಶಿಯರನೂ ಅವನ ಕೌನ್ಸಿಲೂ ಸೇನಾನಿಯನ್ನು ನಂಬಲಿಲ್ಲ. ಕಾಲ್, ಮೆಕೆ ಎಂಬ ಇಬ್ಬರು ಸದಸ್ಯರನ್ನು ‘ರಣಭೂಮಿಯ ಪ್ರತಿನಿಧಿ’ಗಳೆಂದು ಹೆಸರಿಟ್ಟು ದಂಡಿನ ಜೊತೆಗೆ ಕಳುಹಿಸಿದರು. ಅವರ ಒಪ್ಪಿಗೆಯಿಲ್ಲದೆ ಸ್ಮಿತ್ತನು ಅಡಿಯಿಡುವಂತಿರಲಿಲ್ಲ. ಅವರ ಸಂಗಡ ನವಾಬ ಮಹಮ್ಮದಾಲಿಯೂ ಪರಿವಾರಸಮೇತ ಬಂದನು. ಗೆದ್ದ ಸೀಮೆಯ ಕಂದಾಯವನ್ನು ಎತ್ತುವ ಕೆಲಸ ಅವನ ಕಡೆಯವರ ಪಾಲಾಯಿತು. ದಂಡು ಚಲಿಸಬೇಕಾದಾಗ ಈ ಗುಡಾರಗಳ ನಗರವನ್ನು ಕಾಯಲು ಸಿಪಾಯಿಗಳು ಬೇಕು. ಸೀಮೆಯ ಧಾನ್ಯ ದಂಡಿಗೆ ಬೇಕಾದಾಗ ಅದು ನವಾಬನ ಅಮಲದಾರರ ಕಣ್ಣಿಗೆ ಕಂದಾಯವಾಗಿ ಕಾಣುತ್ತಿತ್ತು. ಗೆದ್ದ ಪುಟ್ಟ ಪುಟ್ಟ ಕೋಟೆಗಳಲ್ಲಿ ಒಂದೊಂದು ಹಿಡಿ ಸಿಪಾಯಿಗಳನ್ನು ಚೆಲ್ಲಲಾಯಿತು. ನಕಾಶೆಯಲ್ಲಿ ನೋಡಿದರೆ ವಿಶಾಲವಾದ ದೇಶ ಕೈವಶವಾಗಿತ್ತು. ನೆಲದ ಮೇಲೆ ನೋಡಿದರೆ ದಂಡು ನುಚ್ಚುನೂರಾಗಿ ಹಂಚಿಹೋಗಿತ್ತು.

ಹೈದರನು ಇದನ್ನು ಬಲ್ಲವನಾದರೂ, ಮರಾಠರ ಭಯ ಅವನಿಗೂ ಇತ್ತು. ಆದುದರಿಂದ 1768ರಲ್ಲಿ ಸಂಧಿಯ ಮಾತೆತ್ತಿದನು. ಬಾರಾಮಹಲನ್ನು ಬಿಟ್ಟುಕೊಡುವೆನು, 10 ಲಕ್ಷ ರೂಪಾಯಿ ಕೊಡುವೆನು ಎಂದನು. ಈ ಯುದ್ಧದಲ್ಲಿ ಮದರಾಸಿಗೆ ಇದಕ್ಕಿಂತ ಉತ್ತಮವಾದ ಮುಹೂರ್ತ ಮತ್ತೆಂದೂ ಬರಲಿಲ್ಲ. ಬಾರಾಮಹಲಿನ ಕಣಿವೆಗಳು ಕೈಯಲ್ಲಿದ್ದರೆ ಪಯಿನ್‌ಘಾಟಿಗೆ ಇಳಿಯುವ ಮುಖ್ಯ ದಾರಿಗಳೇ ಮುಚ್ಚಿದಂತಾಗುತ್ತಿದ್ದವು. ಆದರೆ ದಿವಾನಗಿರಿಯ ಕಾಗದವನ್ನು ಎದೆಗವಚಿಕೊಂಡಿದ್ದವರಿಗೆ ಅದು ಅಲ್ಪವೆನಿಸಿತು. ಹೆಚ್ಚು ಕೇಳಿದರು, ಮಾತು ಮುರಿಯಿತು. ನನ್ನ ಅಭಿಪ್ರಾಯದಲ್ಲಿ ಇಡೀ ಯುದ್ಧದ ತಪ್ಪುಗಳಲ್ಲಿ ಇದೇ ಅಕ್ಷಮ್ಯವಾದುದು. ಉಳಿದ ತಪ್ಪುಗಳಿಗೆ ಅಜ್ಞಾನವನ್ನಾದರೂ ಕಾರಣವಾಗಿ ಹೇಳಬಹುದು.

ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ಕರ್ನಲ್ ವುಡ್ಡನು ಹೈದರನ ಕೈಗೆ ಸಿಕ್ಕಿಬಿದ್ದನು. ಸೋಲು ನಿಶ್ಚಯವೆನಿಸಿದಾಗ ಬ್ರೂಕ್ ಎಂಬ ಕ್ಯಾಪ್ಟನ್ನನು ಒಂದು ಗುಡ್ಡವನ್ನೇರಿ, ‘ಸ್ಮಿತ್! ಸ್ಮಿತ್!’ ಎಂದು ಕೂಗಿಸಿದನಂತೆ. ಸ್ಮಿತ್ತನೇ ದಂಡಿನೊಡನೆ ಬಂದನೆಂಬ ಭ್ರಮೆಯಿಂದ ಮೈಸೂರಿನ ದಂಡು ತಡೆದು ನಿಂತಿತು, ವುಡ್ಡನು ಉಳಿದುಕೊಂಡನು. ಒಬ್ಬ ಸೇನಾನಿಯ ಹೆಸರೇ ಕದನವನ್ನು ಉಳಿಸಿದ ಕೆಲವೇ ವಾರಗಳಲ್ಲಿ ಕೌನ್ಸಿಲು ಅವನನ್ನೇ ಮದರಾಸಿಗೆ ಕರೆಸಿಕೊಂಡು ದಂಡನ್ನು ವುಡ್ಡನಿಗೆ ಒಪ್ಪಿಸಿತು! ನವೆಂಬರಿನಲ್ಲಿ ವುಡ್ಡನು ಹೊಸೂರಿನ ನೆರವಿಗೆ ಹೋಗುತ್ತ ದೊಡ್ಡ ಫಿರಂಗಿಗಳನ್ನೂ ಸಾಮಾನುಗಳನ್ನೂ ಬಾಗಲೂರಿನಲ್ಲಿ ಬಿಟ್ಟುಹೋದನು. ಹೈದರನು ಅವನ್ನು ಹೊತ್ತುಕೊಂಡು ಹೋದನು. ವುಡ್ಡನನ್ನು ಅಧಿಕಾರದಿಂದ ತೆಗೆದು ಲ್ಯಾಂಗ್ ಎಂಬವನನ್ನು ನೇಮಿಸಿದರು. ಅಷ್ಟರಲ್ಲಿ ಹೈದರನು ಘಟ್ಟ ಇಳಿದಿದ್ದನು. ತಿಂಗಳುಗಟ್ಟಲೆ ಹಿಡಿದ ಬಾರಾಮಹಲಿನ ದುರ್ಗಗಳು ವಾರಗಳಲ್ಲಿ ಅವನ ವಶವಾದವು. ಕೊಯಮತ್ತೂರು ಸೀಮೆ ಮರಳಿತು. ಕರೂರಿನ ಆಚೆ ನಿಕ್ಸನ್ನನ ತುಕಡಿ ನಾಶವಾಯಿತು, ಈರೋಡು ಬಿತ್ತು.

1769ರಲ್ಲಿ ಕೌನ್ಸಿಲು ಸ್ಮಿತ್ತನನ್ನೇ ಮತ್ತೆ ಕಳುಹಿಸಿತು. ಅವನೂ ಹೈದರನೂ ಪಯಿನ್‌ಘಾಟಿನಲ್ಲಿ ಒಬ್ಬರ ಬೆನ್ನಿಗೊಬ್ಬರು ತಿರುಗಿದರು. ಕೊನೆಗೆ ಹೈದರನು ಭಾರವಾದ ದಂಡನ್ನೂ ಸಾಮಾನನ್ನೂ ಘಟ್ಟದ ಕಡೆಗೆ ಕಳುಹಿಸಿಬಿಟ್ಟು, ಆರಿಸಿದ 6,000 ಸವಾರರೊಡನೆ ಸುಮಾರು 130 ಮೈಲಿಗಳನ್ನು ಮೂರೂವರೆ ದಿನಗಳಲ್ಲಿ ಕ್ರಮಿಸಿ, ಮಾರ್ಚ್ 29ರಂದು ಮದರಾಸಿಗೆ ಐದು ಮೈಲಿ ದೂರದಲ್ಲಿ, ಪರಂಗಿಮಲೆಯ ಸಮೀಪದಲ್ಲಿ ಪ್ರತ್ಯಕ್ಷನಾದನು. ಮುಂದಿನ ಗವರ್ನರನೆಂದು ನಿಶ್ಚಿತನಾಗಿದ್ದ ಡ್ಯೂ ಪ್ರೇ ಎಂಬವನನ್ನು ಸಂಧಿಗೆ ಕಳುಹಿಸಿರೆಂದೂ, ಹಿಂದಿನಿಂದ ಬರುತ್ತಿರುವ ಸ್ಮಿತ್ತನು ನಿಂತಲ್ಲಿಯೇ ನಿಲ್ಲಲೆಂದೂ ಹೇಳಿಕಳುಹಿಸಿದನು. ಕೌನ್ಸಿಲು ಎರಡಕ್ಕೂ ಒಪ್ಪಿತು. ಏಪ್ರಿಲ್ ಮೊದಲ ವಾರದಲ್ಲಿ ಕೌಲು ಮುಗಿಯಿತು: ಗೆದ್ದುದನ್ನು ಪರಸ್ಪರ ಹಿಂದಿರುಗಿಸುವುದು, ಕರೂರು ಮಾತ್ರ ಹೈದರನಿಗೆ ಸಲ್ಲುವುದು, ಒಬ್ಬರ ಮೇಲೆ ಪರರು ದಂಡೆತ್ತಿ ಬಂದರೆ ಮತ್ತೊಬ್ಬರು ನೆರವಾಗುವುದು. ಒಂದು ವರ್ಷದ ಹಿಂದೆ ರಾಜ್ಯಾಪಹಾರಿಯೆಂದು ಬರೆದ ಲೇಖನಿಯೇ ಅವನನ್ನು ಈಗ ಮಿತ್ರನೆಂದು ಬರೆಯಿತು.

ಕೋಟೆಯ ಬಾಗಿಲಿನಲ್ಲಿ ಹೈದರನು ಒಂದು ಹಾಸ್ಯಚಿತ್ರವನ್ನು ತೂಗುಹಾಕಿಸಿದನೆಂದೂ, ಡ್ಯೂ ಪ್ರೇಯ ಮೂಗನ್ನು ಆನೆಯ ಸೊಂಡಿಲಿನಂತೆ ಬರೆದು ಅದರಿಂದ ನಾಣ್ಯಗಳು ಸುರಿಯುವಂತೆ ತೋರಿಸಿತ್ತೆಂದೂ ಫ್ರೆಂಚ್ ಲೇಖಕನೊಬ್ಬನು ಬರೆದಿದ್ದಾನೆ. ನಮ್ಮ ಭಾಷಣಕಾರರಿಗೆ ಇದು ಬಲು ಪ್ರಿಯವಾದ ಕಥೆ. ನನಗೆ ಇದರಲ್ಲಿ ನಂಬಿಕೆ ಸಾಲದು. ಸಂಧಿಯನ್ನು ಬಯಸಿ ಬಂದ ಚತುರನು ಇಂಥ ಕೆಲಸ ಮಾಡುವನೇ ಎಂಬುದು ಸಂದೇಹ. ಈ ಯುದ್ಧದ ವಿಮರ್ಶೆಗೆ ಇಂಥ ಚಿತ್ರದ ಅವಶ್ಯಕತೆಯೂ ಇಲ್ಲ. ವಿಮರ್ಶೆಯನ್ನು ಕುಂಪಣಿಯ ಒಡೆಯರೇ ಬರೆದಿಟ್ಟಿದ್ದಾರೆ.

ಲಂಡನ್ನಿನ ಡೈರೆಕ್ಟರುಗಳು ಯುದ್ಧದ ನಡುವಿನಲ್ಲಿಯೇ ಮದರಾಸಿಗೆ ಕಟುವಾದ ಪತ್ರಗಳನ್ನು ಬರೆದರು. ಕರ್ಣಾಟಕ ಪಯಿನ್‌ಘಾಟಿನ ಎಲ್ಲೆಯನ್ನು ಮೀರಬಾರದು, ದೇಶೀಯ ಸಂಸ್ಥಾನಗಳು ಒಂದರ ಬಲವನ್ನೊಂದು ತಡೆದು ನಿಲ್ಲುವಂತೆ ಬಿಡಬೇಕು ಎಂಬ ತಮ್ಮ ಸೂಚನೆಗಳು ಕಡೆಗಣಿಸಲ್ಪಟ್ಟವೆಂದೂ, ಬಿಡಿಸಿಕೊಳ್ಳಲಾಗದ ತೊಡಕಿನಲ್ಲಿ ತಮ್ಮನ್ನು ಸಿಕ್ಕಿಸಲಾಗಿದೆಯೆಂದೂ ದೂರಿದರು. ಸಂಧಿಯ ಸುದ್ದಿ ಬಂದ ಮೇಲೆ, ಅಂಥ ಅವಮಾನಕರವಾದ ರೀತಿಯಲ್ಲಿ ಮಾಡಿಕೊಂಡುದಕ್ಕೂ ನಿಂದಿಸಿದರು. ಬೊಕ್ಕಸ ಬರಿದಾಗಿತ್ತು, ಬೇರೆ ದಾರಿಯಿರಲಿಲ್ಲ ಎಂಬುದು ಕೌನ್ಸಿಲಿನ ಉತ್ತರ. ಈ ನಿಂದೆಯನ್ನು ಧರ್ಮಬುದ್ಧಿಯ ಮಾತೆಂದು ಭ್ರಮಿಸಬಾರದು. 1767ರಿಂದ ಕುಂಪಣಿಯು ಬ್ರಿಟಿಷ್ ಸರಕಾರಕ್ಕೆ ವರ್ಷಕ್ಕೆ 4 ಲಕ್ಷ ಪೌಂಡುಗಳನ್ನು ತೆರಬೇಕಾಗಿತ್ತು; ಶೇರುದಾರರು ಲಾಭಾಂಶಕ್ಕಾಗಿ ಬಾಯಿ ತೆರೆದು ಕುಳಿತಿದ್ದರು. ಹೈದರನ ದಾಳಿಯ ವಾರ್ತೆ 1769ರಲ್ಲಿ ಲಂಡನ್ನಿಗೆ ಮುಟ್ಟಿದಾಗ ಕುಂಪಣಿಯ ಶೇರಿನ ಬೆಲೆ ಕುಸಿಯಿತು. ಯುದ್ಧವು ಅಲ್ಲಿ ಅಪ್ರಿಯವಾದುದು ಹೊಸೂರಿನ ರೈತನಿಗಾಗಿ ಅಲ್ಲ. ಎಲ್ಲವನ್ನೂ ಪರೀಕ್ಷಿಸಲೆಂದು ವ್ಯಾನ್‌ಸಿಟಾರ್ಟ್, ಸ್ಕ್ರಾಫ್ಟನ್, ಫೋರ್ಡ್ ಎಂಬ ಮೂವರನ್ನು ‘ಅರೋರಾ’ ಎಂಬ ಹಡಗಿನಲ್ಲಿ ಕಳುಹಿಸಿದರು. 1769ರ ಡಿಸೆಂಬರಿನಲ್ಲಿ ಗುಡ್‌ಹೋಪ್ ಭೂಶಿರವನ್ನು ಬಿಟ್ಟ ಆ ಹಡಗು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ವಿಚಾರಣೆ ಸಮುದ್ರದ ಪಾಲಾಯಿತು.

ಆ ಹೊಸೂರಿನ ರೈತನ ಮಾತನ್ನು ಇಲ್ಲಿ ಆಡದೆ ಬಿಡಲಾಗದು. ಇಂದಿನ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ ತಮಿಳು, ತೆಲುಗು, ಕನ್ನಡಗಳು ಬೆರೆತು ಬಾಳುವ ಹಳ್ಳಿಗಳೇ ಅಂದಿನ ಬಾರಾಮಹಲು. ಎರಡು ವರ್ಷಗಳಲ್ಲಿ ಆ ಸೀಮೆಯ ಅಧಿಕಾರ ಹೈದರನಿಂದ ಕುಂಪಣಿಗೆ, ಕುಂಪಣಿಯಿಂದ ನವಾಬನ ಅಮಲದಾರರಿಗೆ, ಅವರಿಂದ ಮತ್ತೆ ಹೈದರನಿಗೆ ಕೈ ಬದಲಿತು. ಹೈದರನ ಯುದ್ಧನೀತಿಯು ಜಾಣತನದ್ದು ನಿಜ. ಆದರೆ ಶತ್ರುವಿಗೆ ಮೇವು ನೀರು ಸಿಗದಂತೆ ಸೀಮೆಯನ್ನು ಬರಿದು ಮಾಡುವುದು ಅದರ ಒಂದು ಅಂಗವಾಗಿತ್ತು. ಹೈದರನನ್ನು ನಮ್ಮವನೆಂದು ಕೊಂಡಾಡುವ ಉತ್ಸಾಹದಲ್ಲಿ ಕನ್ನಡದ ಲೇಖಕರು ಈ ಸಂಗತಿಯನ್ನು ಹಾರಿಸಿಬಿಡುವುದುಂಟು. ಕುಂಪಣಿಯ ಸೇವಕನಾಗಿದ್ದು, 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ತನ್ನ ಇತಿಹಾಸದಲ್ಲಿ ಮದರಾಸು ಕೌನ್ಸಿಲನ್ನು ಸ್ವಲ್ಪವೂ ದಾಕ್ಷಿಣ್ಯವಿಲ್ಲದೆ ಟೀಕಿಸಿದನು. ತನ್ನ ಕಡೆಯವರ ತಪ್ಪನ್ನು ಕಾಣುವ ಆ ಕಣ್ಣು ನಮಗೂ ಇದ್ದರೆ ತಪ್ಪಿಲ್ಲ.

ಕೌನ್ಸಿಲಿಗೆ ಮತ್ತೊಂದು ಅವಕಾಶವೂ ದೊರೆಯಿತು. 1770ರಲ್ಲಿ ಮರಾಠರು ಮತ್ತೆ ಮೈಸೂರಿನ ಮೇಲೆ ಬಂದರು; 1771ರ ಮಾರ್ಚಿಯಲ್ಲಿ ಮೇಲುಕೋಟೆಯ ಸಮೀಪದ ಚಿಣಕುರಳಿಯಲ್ಲಿ ಹೈದರನ ದಂಡು ನುಚ್ಚಾಯಿತು. ಕೌಲಿನಂತೆ ಅವನು ನೆರವು ಕೇಳಿದನು. ಮದರಾಸು ಕೊಡಲಿಲ್ಲ. 1769ರ ಸಂಧಿಯಲ್ಲಿ ಬೆಲೆಯುಳ್ಳ ಭಾಗವೆಂದರೆ ಆ ಒಂದು ಷರತ್ತು. ಹೈದರನು ಕೋಟೆಯ ಮುಂದೆ ನಿಂತಾಗ ಹಣಕ್ಕಿಂತ ಅದನ್ನೇ ಬಯಸಿದ್ದನು. 1779ರಲ್ಲಿ ಕುಂಪಣಿಯು ಮಾಹೆಯನ್ನು ಹಿಡಿದುದು ಹೊಸ ಗಾಯವಾಯಿತು. 1780ರ ಜುಲೈಯಲ್ಲಿ ಅವನು ಎಂಬತ್ತು ಸಾವಿರಕ್ಕೂ ಮೀರಿದ ದಂಡಿನೊಡನೆ ಘಟ್ಟ ಇಳಿದಾಗ, ಪರಂಗಿಮಲೆಯಿಂದ ಉರಿಯುವ ಹಳ್ಳಿಗಳ ಹೊಗೆ ಕಾಣುವವರೆಗೂ ಕೋಟೆಯವರು ಎಚ್ಚರಗೊಳ್ಳಲಿಲ್ಲ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಬೇಯ್ಲಿಯ ದಂಡು ಅಳಿಯಿತು. ಕೆಲವೇ ಮೈಲಿಗಳಾಚೆ ಕಂಚಿಯಲ್ಲಿದ್ದ ಮನ್ರೋ ಸೇನಾನಿಯು ತನ್ನ ದೊಡ್ಡ ಫಿರಂಗಿಗಳನ್ನು ಕೆರೆಗೆ ಎಸೆದು ಹಿಂದೆಗೆದನು. ಈ ಬಾರಿ ವಿಚಾರಣೆ ಸಮುದ್ರದ ಪಾಲಾಗಲಿಲ್ಲ: ಕರ್ಣಾಟಕ ಯುದ್ಧದ ಕಾರಣಗಳನ್ನು ಶೋಧಿಸಲು 1781ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಡಂಡಾಸನ ಅಧ್ಯಕ್ಷತೆಯಲ್ಲಿ ಗುಪ್ತ ಸಮಿತಿಯನ್ನು ನೇಮಿಸಿತು. ಮಾಜಿ ಗವರ್ನರ್ ರಂಬೋಲ್ಡನ ಮೇಲೆ ದಂಡನೆಯ ಮಸೂದೆ ಬಂದಿತು; 1783ರಲ್ಲಿ ಅದನ್ನು ಕೈಬಿಡಲಾಯಿತು.

ಮೊದಲ ಯುದ್ಧದ ಭಯದಲ್ಲಿ ಮದರಾಸಿನವರು ಕರಿಯರ ಪಟ್ಟಣದ ಸುತ್ತ ಗೋಡೆ ಕಟ್ಟಿಸಿದರು. ಗುತ್ತಿಗೆ ಹಿಡಿದವನು ಪಾಲ್ ಬೆನ್‌ಫೀಲ್ಡ್. ಮುಂದೆ ಆರ್ಕಾಟಿನ ನವಾಬನಿಗೆ ಸಾಲ ಕೊಟ್ಟು ಕೊಬ್ಬಿ, 1785ರಲ್ಲಿ ಎಡ್ಮಂಡ್ ಬರ್ಕನು ಪಾರ್ಲಿಮೆಂಟಿನಲ್ಲಿ ಹೆಸರು ಹಿಡಿದು ಝಾಡಿಸಿದ ಆ ಬೆನ್‌ಫೀಲ್ಡನೇ ಇವನು. ಆ ಗೋಡೆಯಿಂದ ಹೆಸರು ಪಡೆದ ವಾಲ್ ಟ್ಯಾಕ್ಸ್ ರಸ್ತೆ ಇಂದಿಗೂ ಸೆಂಟ್ರಲ್ ನಿಲ್ದಾಣದ ಪಕ್ಕದಲ್ಲಿಯೇ ಹೋಗುತ್ತದೆ. ಗೋಡೆಯ ಒಂದು ತುಂಡು ಹಳೆಯ ಜೈಲಿನ ರಸ್ತೆಯಲ್ಲಿ ‘ಮಾಡಿ ಪೂಂಗಾ’ ಎಂಬ ಉದ್ಯಾನದ ಕೆಳಗೆ ಉಳಿದಿದೆ. ಅಣ್ಣಾ ನಗರದಿಂದ ಹೊರಟು ಪೂನಮಲ್ಲಿ ಹೆದ್ದಾರಿಯನ್ನು ಹಿಡಿದು ಪೂರ್ವಕ್ಕೆ ಸಾಗಿದರೆ ಅರ್ಧ ಘಂಟೆಯ ದಾರಿ.