ಮೂತ್ರಪರೀಕ್ಷೆಯೂ ಭವಿಷ್ಯಸೂಚನೆಯೂ: ಮೂತ್ರಪಿಂಡದ ಕಸಿಯನ್ನು ಕುರಿತು ಒಂದು ಐತಿಹಾಸಿಕ ವಿಚಾರ

ಮೂತ್ರವನ್ನು ಪರೀಕ್ಷಿಸಿ ರೋಗವನ್ನರಿಯುವ ಕ್ರಮ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಚರಕ ಸುಶ್ರುತ ಸಂಹಿತೆಗಳು ಇಪ್ಪತ್ತು ಬಗೆಯ ಪ್ರಮೇಹಗಳನ್ನು ಮೂತ್ರದ ಲಕ್ಷಣಗಳಿಂದಲೇ ವಿಂಗಡಿಸಿವೆ. ಕಸಿ ಮಾಡಿದ ಮೂತ್ರಪಿಂಡವು ಮುಂದೆ ಹೇಗೆ ಕೆಲಸ ಮಾಡೀತೆಂಬುದನ್ನು ಮೂತ್ರದಲ್ಲಿನ ಜೈವಿಕ ಸೂಚಕಗಳಿಂದ ಮುಂಚಿತವಾಗಿ ತಿಳಿಯುವ ಪ್ರಯತ್ನ ಈಚೆಗೆ ನಡೆದಿರುವುದರಿಂದ, ಇದೆಲ್ಲ ನಮ್ಮ ಹಿರಿಯರಿಗೆ ತಿಳಿದೇ ಇದ್ದಿತೆನ್ನಲು ಮನಸ್ಸಾಗುವುದು ಸಹಜ. ಆದರೆ ಹಾಗೆನ್ನುವ ಮೊದಲು, ಎರಡು ಪರೀಕ್ಷೆಗಳೂ ಯಾವ ಪ್ರಶ್ನೆಯನ್ನು ಕೇಳಿದವು, ದೊರೆತ ಉತ್ತರವನ್ನು ಹೇಗೆ ಒರೆಗೆ ಹಚ್ಚಿದವು ಎಂಬುದನ್ನು ನಾವು ಪರಿಶೀಲಿಸಬೇಕು.

ಮಧ್ಯಯುಗದ ವೈದ್ಯಗ್ರಂಥಗಳಲ್ಲಿ, ವಿಶೇಷವಾಗಿ ಯೋಗರತ್ನಾಕರದಲ್ಲಿ, ತೈಲಬಿಂದು ಪರೀಕ್ಷೆಯ ವಿವರ ದೊರೆಯುತ್ತದೆ. ಬೆಳಗಿನ ಜಾವದಲ್ಲಿ ರೋಗಿಯನ್ನೆಬ್ಬಿಸಿ, ಮೊದಲ ಧಾರೆಯನ್ನು ಬಿಟ್ಟು, ನಡುವಣ ಧಾರೆಯನ್ನು ಪಾತ್ರೆಯಲ್ಲಿ ಹಿಡಿಯಬೇಕು. ಸೂರ್ಯೋದಯವಾದ ಮೇಲೆ ಹುಲ್ಲುಕಡ್ಡಿಯಿಂದ ಒಂದು ತೊಟ್ಟು ಎಣ್ಣೆಯನ್ನು ಅದರ ಮೇಲೆ ಬಿಡಬೇಕು. ಎಣ್ಣೆ ಬೇಗನೆ ಹರಡಿದರೆ ರೋಗ ಸಾಧ್ಯ, ಹರಡದೆ ನಿಂತರೆ ಕಷ್ಟಸಾಧ್ಯ, ತಳಕ್ಕಿಳಿದರೆ ಅಸಾಧ್ಯ. ಹಾವಿನಂತೆ ಹರಿದರೆ ವಾತವೆಂದೂ ಮುತ್ತಿನಂತೆ ನಿಂತರೆ ಕಫವೆಂದೂ ಹೇಳಲಾಗಿದೆ. ಎಣ್ಣೆ ಯಾವ ದಿಕ್ಕಿಗೆ ಹರಿಯಿತೆಂಬುದಕ್ಕೂ ಫಲವುಂಟು. ನಡುವಣ ಧಾರೆಯನ್ನು ಹಿಡಿಯುವ ಎಚ್ಚರಿಕೆ ಇಂದಿನ ಪ್ರಯೋಗಾಲಯವೂ ಮೆಚ್ಚತಕ್ಕದ್ದು. ದಿಕ್ಕಿನ ಫಲವಾದರೋ ಶಕುನಶಾಸ್ತ್ರಕ್ಕೆ ಸೇರಿದುದು. ಇಲ್ಲಿ ಮುಖ್ಯವಾದ ಅಂಶವೆಂದರೆ, ಈ ಪರೀಕ್ಷೆ ರೋಗ ಯಾವುದೆಂದು ಕೇಳುವುದರ ಜೊತೆಗೆ, ರೋಗಿ ಉಳಿದಾನೇ ಎಂದೂ ಕೇಳುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಪ್ರಶ್ನೆ ಬದಲಾಯಿತು. 1827ರಲ್ಲಿ ಲಂಡನ್ನಿನ ರಿಚರ್ಡ್ ಬ್ರೈಟ್, ಚಮಚದಲ್ಲಿ ಕಾಯಿಸಿದ ಮೂತ್ರ ಹೆಪ್ಪುಗಟ್ಟುವುದಕ್ಕೂ ಮೂತ್ರಪಿಂಡದ ವಿಕಾರಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟನು. ಈಗ ಅಂಗದಲ್ಲಿ ಏನು ಕೆಟ್ಟಿದೆ ಎಂಬುದೇ ವಿಚಾರ. ಈ ಎರಡು ಪರಂಪರೆಗಳೂ ಮೈಸೂರಿನಲ್ಲಿ ಅಕ್ಕಪಕ್ಕದಲ್ಲಿ ಬೆಳೆದವು: ಆಯುರ್ವೇದ ಕಾಲೇಜು 1908ರಲ್ಲಿ ಆರಂಭವಾಯಿತು, 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು.

ಭವಿಷ್ಯದ ಪ್ರಶ್ನೆಗೆ ಮತ್ತೆ ಹೊಸ ಬಲ ಬಂದುದು ಕಸಿಯಿಂದ. 1954ರಲ್ಲಿ ಬಾಸ್ಟನ್ನಿನಲ್ಲಿ ಅವಳಿ ಸೋದರರ ನಡುವೆ ಮೂತ್ರಪಿಂಡದ ಕಸಿ ಸಫಲವಾಯಿತು; 1971ರಲ್ಲಿ ವೆಲ್ಲೂರಿನಲ್ಲಿಯೂ ಆಯಿತು; 1994ರಲ್ಲಿ ಅಂಗಾಂಗ ಕಸಿಯ ಕಾಯಿದೆ ಬಂದಿತು. ಪರರ ಅಂಗವನ್ನು ಶರೀರ ಯಾವಾಗ ಧಿಕ್ಕರಿಸೀತೆಂದು ಹೇಳಲಾಗದು. ರಕ್ತದಲ್ಲಿ ಕ್ರಿಯಾಟಿನಿನ್ ಏರುವ ವೇಳೆಗೆ ಮೂತ್ರಪಿಂಡಕ್ಕೆ ಆಗಲೇ ಪೆಟ್ಟು ಬಿದ್ದಿರುತ್ತದೆ. ಖಚಿತವಾಗಿ ತಿಳಿಯಬೇಕಾದರೆ ಸೂಜಿಯಿಂದ ಚುಚ್ಚಿ ಅಂಗದ ಚೂರನ್ನು ತೆಗೆಯುವ ಬಯಾಪ್ಸಿಯೇ ಗತಿ.

ಮೂತ್ರದ ಸೂಚಕಗಳು ಈ ತೊಡಕನ್ನು ನೀಗಿಸಲು ಹೊರಟವು. ಕಸಿಯಾದ ಮೊದಲ ದಿನದ ಮೂತ್ರದಲ್ಲಿ ಎನ್‌ಗಾಲ್ ಮತ್ತು ಇಂಟರ್‌ಲ್ಯೂಕಿನ್-18 ಎಂಬ ಪ್ರೋಟೀನುಗಳು ಹೆಚ್ಚಾಗಿದ್ದವರಿಗೆ ವಾರದೊಳಗೆ ಡಯಾಲಿಸಿಸ್ ಬೇಕಾಗುವ ಸಂಭವ ಹೆಚ್ಚೆಂದು 2010ರ ಒಂದು ಅಧ್ಯಯನ ತೋರಿಸಿತು. 2013ರಲ್ಲಿ ಅಮೆರಿಕದಲ್ಲಿ 485 ರೋಗಿಗಳ 4300 ಮೂತ್ರದ ಮಾದರಿಗಳನ್ನು ಪರೀಕ್ಷಿಸಿದ ವಿದ್ವಾಂಸರು, ಮೂತ್ರದಲ್ಲಿನ ಜೀವಕೋಶಗಳ ಆರ್‌ಎನ್‌ಎ ಗುರುತು, ಬಯಾಪ್ಸಿಯಲ್ಲಿ ಧಿಕ್ಕಾರ ಕಾಣುವುದಕ್ಕೆ ಸುಮಾರು 20 ದಿನ ಮೊದಲೇ ಏರತೊಡಗುವುದನ್ನು ಕಂಡರು. ಅದೇ ವರ್ಷದ ಮತ್ತೊಂದು ಅಧ್ಯಯನದಲ್ಲಿ, ಆರನೆಯ ತಿಂಗಳಲ್ಲಿ ಮೂತ್ರದ ಸಿಎಕ್ಸ್‌ಸಿಎಲ್-9 ಪ್ರೋಟೀನು ಕಡಮೆಯಿದ್ದವರಿಗೆ ಮುಂದೆ ಅಪಾಯ ವಿರಳವೆಂದು ಕಂಡುಬಂದಿತು.

ಹಳೆಯ ತೈಲಬಿಂದುವಿಗೂ ಇವಕ್ಕೂ ಪ್ರಶ್ನೆ ಒಂದೇ ಎಂಬುದನ್ನು ನಾವು ಸಂಕೋಚವಿಲ್ಲದೆ ಒಪ್ಪುತ್ತೇವೆ. ಭೇದವಿರುವುದು ತಪ್ಪಿನ ಲೆಕ್ಕದಲ್ಲಿ. ಎಣ್ಣೆ ಹರಡಿದರೂ ಸತ್ತವರೆಷ್ಟು, ಮುಳುಗಿದರೂ ಬದುಕಿದವರೆಷ್ಟು ಎಂಬ ಎಣಿಕೆಯನ್ನು ಆ ಗ್ರಂಥ ಕೊಡುವುದಿಲ್ಲ. ಹೊಸ ಸೂಚಕಗಳಾದರೋ ಇದೇ ಎಣಿಕೆಯಲ್ಲಿ ಎಡವುತ್ತಿವೆ. ಮೂತ್ರನಾಳದ ಸೋಂಕಿನಿಂದಲೂ ಸಿಎಕ್ಸ್‌ಸಿಎಲ್-10 ಏರುತ್ತದೆ. ಅದನ್ನಾಧರಿಸಿ ಚಿಕಿತ್ಸೆ ನಡೆಸಿದರೆ ಲಾಭವುಂಟೇ ಎಂದು ಸ್ವಿಟ್ಜರ್ಲೆಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫಲಿತಾಂಶ ಉತ್ತಮಗೊಂಡುದು ಕಾಣಲಿಲ್ಲ. ಮುಂದಾಗುವುದನ್ನು ಅರಿಯುವುದು ಬೇರೆ, ಅದನ್ನು ತಪ್ಪಿಸುವುದು ಬೇರೆ.

ಹೀಗಿದ್ದರೂ ವಿಷಯವನ್ನು ಕೈಬಿಡಲಾಗದು. ಹೆಗ್ಗಡದೇವನಕೋಟೆಯ ಸೀಮೆಯನ್ನೇ ತೆಗೆದುಕೊಳ್ಳೋಣ. ಮೈಸೂರಿಗೆ ಅಲ್ಲಿಂದ ಸುಮಾರು 50 ಕಿಲೋಮೀಟರು. ಕೇರಳದ ಗಡಿಯ ಡಿ.ಬಿ. ಕುಪ್ಪೆಯಿಂದ ಇನ್ನೂ ಬಹು ದೂರ, ನಾಗರಹೊಳೆಯ ಕಾಡಿನ ರಸ್ತೆಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧ ಬೇರೆ. ಕಸಿ ಮಾಡಿಸಿಕೊಂಡ ಕೂಲಿಯವನೊಬ್ಬನಿಗೆ ನಗರಕ್ಕೆ ಹೋಗುವ ಪ್ರತಿಯೊಂದು ಪಯಣವೂ ಒಂದು ದಿನದ ಕೂಲಿಯ ನಷ್ಟ. ಅಂಥವನ ಮೂತ್ರ ಮಾತ್ರ ಪಯಣ ಮಾಡಿ, ಅವನು ಊರಲ್ಲೇ ಇರಬಹುದಾದರೆ ಅದು ಸಣ್ಣ ಲಾಭವಲ್ಲ. ಆದರೆ ಆರ್‌ಎನ್‌ಎ ಬೇಗ ಕೆಡುವ ವಸ್ತು; ಮೂತ್ರದಿಂದ ಜೀವಕೋಶಗಳನ್ನು ತಡಮಾಡದೆ ಬೇರ್ಪಡಿಸಿ ಕಾಪಾಡಬೇಕಾಗುತ್ತದೆ. ಪ್ರೋಟೀನು ಅದಕ್ಕಿಂತ ಗಟ್ಟಿ. ಆದ್ದರಿಂದ ಇಂಥ ತಾಲ್ಲೂಕುಗಳಿಗೆ ಮೊದಲು ಒಗ್ಗಬಹುದಾದುದು ಪ್ರೋಟೀನಿನ ಪರೀಕ್ಷೆಯೇ ಎಂದು ನಮ್ಮ ಅಭಿಪ್ರಾಯ.