ಬೊಚ್ಚುಬಾಯಿಗೆ ಹಲ್ಲು ಕಟ್ಟುವ ಶಾಸ್ತ್ರ

ಜಪಾನಿನ ವಕಾಯಾಮಾದಲ್ಲಿ 1538ರಲ್ಲಿ ತೀರಿಕೊಂಡ ಬೌದ್ಧ ಸನ್ಯಾಸಿನಿ ನಕಾವೊಕಾ ತೇಯಿ ಬಳಸುತ್ತಿದ್ದ ಮರದ ಹಲ್ಲುಸೆಟ್ಟು ಇಂದಿಗೂ ಉಳಿದಿದೆ. ನಮಗೆ ತಿಳಿದಿರುವ ಪೂರ್ಣ ಡೆಂಚರುಗಳಲ್ಲಿ ಇದು ಅತ್ಯಂತ ಹಳೆಯದರ ಸಾಲಿಗೆ ಸೇರುತ್ತದೆ. ಬಾಯಿಯ ಅಚ್ಚನ್ನು ಜೇನುಮೇಣದಲ್ಲಿ ತೆಗೆದು, ಮರ ಕೆತ್ತಿ, ವಸಡಿಗೆ ಒಪ್ಪುವವರೆಗೂ ಉಜ್ಜಿ ನಯಗೊಳಿಸುವುದು ಅಲ್ಲಿನ ಕುಶಲಕರ್ಮಿಗಳ ಪದ್ಧತಿಯಾಗಿತ್ತು. ಸ್ಪ್ರಿಂಗ್ ಇಲ್ಲ, ತಂತಿ ಇಲ್ಲ. ಒಪ್ಪವಾಗಿ ಕೂತಿದ್ದರಿಂದಲೇ ಅದು ನಿಂತಿತು.

ಯುರೋಪಿಗೆ ಈ ಗುಟ್ಟು ಬಹುಕಾಲ ಹತ್ತಲಿಲ್ಲ. ಆಧುನಿಕ ದಂತವೈದ್ಯದ ಪಿತಾಮಹ ಎನಿಸಿದ ಪಿಯೆರ್ ಫೊಶಾರ್ 1728ರಲ್ಲಿ ತನ್ನ ಮಹಾಗ್ರಂಥ ಪ್ರಕಟಿಸಿದಾಗಲೂ ಮೇಲಿನ ಸೆಟ್ಟನ್ನು ಎತ್ತಿ ಹಿಡಿಯಲು ಸ್ಪ್ರಿಂಗನ್ನೇ ನಂಬಿದ್ದ. ಜಾರ್ಜ್ ವಾಷಿಂಗ್ಟನ್ನರ ಹಲ್ಲು ಮರದ್ದೆಂಬ ಮಾತು ಬರೀ ಕಟ್ಟುಕಥೆ. ದಂತವೈದ್ಯ ಜಾನ್ ಗ್ರೀನ್‌ವುಡ್ ಅವರಿಗೆ ಮಾಡಿಕೊಟ್ಟದ್ದು ನೀರಾನೆಯ ದಂತದಲ್ಲಿ ಕೆತ್ತಿದ ಸೆಟ್ಟು. ಬಾಯಲ್ಲಿ ಉಳಿದಿದ್ದ ಒಂದೇ ಒಂದು ಹಲ್ಲು ತೂರಲು ಅದರಲ್ಲಿ ತೂತು ಬಿಟ್ಟಿದ್ದ. 1815ರ ವಾಟರ್‌ಲೂ ಯುದ್ಧದ ಬಳಿಕವಂತೂ ಸತ್ತ ಸೈನಿಕರ ಹಲ್ಲು ಕಿತ್ತು ಸಿರಿವಂತರ ಸೆಟ್ಟಿಗೆ ಜೋಡಿಸಿದರು. ಪಿಂಗಾಣಿ ಹಲ್ಲು ಹದಿನೆಂಟನೆಯ ಶತಮಾನದ ಕೊನೆಗೇ ಬಂದಿದ್ದರೂ ಜನಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ.

ಆ ಚಿತ್ರ ಬದಲಾದದ್ದು ಎರಡು ಸಂಗತಿಗಳಿಂದ. 1846ರಲ್ಲಿ ವಿಲಿಯಂ ಮಾರ್ಟನ್ ಈಥರ್ ಅರಿವಳಿಕೆಯನ್ನು ತೋರಿಸಿದ ಮೇಲೆ ನೋವಿಲ್ಲದೆ ಹಲ್ಲು ಕೀಳಿಸಿಕೊಳ್ಳುವವರ ಸಂಖ್ಯೆ ಏರಿತು. 1851ರಲ್ಲಿ ನೆಲ್ಸನ್ ಗುಡ್‌ಇಯರ್ ಗಟ್ಟಿ ರಬ್ಬರಿನ ಪೇಟೆಂಟ್ ಪಡೆದ. ಪ್ಲಾಸ್ಟರ್ ಅಚ್ಚಿನ ಮೇಲೆ ಈ ವಲ್ಕನೈಟನ್ನು ಬೇಯಿಸಿದರೆ ವಸಡಿಗೆ ಹೊಂದುವ ತಳ ಅಗ್ಗದಲ್ಲಿ ಸಿದ್ಧ. ಆದರೆ ಪೇಟೆಂಟ್ ಹಿಡಿದಿದ್ದ ಕಂಪನಿ ದಂತವೈದ್ಯರಿಂದ ಪರವಾನಗಿ ಶುಲ್ಕ ವಸೂಲಿ ಮಾಡಿ, ಕೊಡದವರನ್ನು ಕೋರ್ಟಿಗೆ ಎಳೆಯಿತು. ರೊಚ್ಚಿಗೆದ್ದ ಸ್ಯಾಮುಯೆಲ್ ಚಾಲ್‌ಫಂಟ್ ಎಂಬ ದಂತವೈದ್ಯ 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ ಕಂಪನಿಯ ಜೋಸಾಯಾ ಬೇಕನ್ನನನ್ನು ಗುಂಡಿಟ್ಟು ಕೊಂದ.

ಇಲ್ಲಿಯವರೆಗಿನದು ವಸ್ತುಗಳ ಚರಿತ್ರೆ. ನನ್ನ ದೃಷ್ಟಿಯಲ್ಲಿ ಈ ವಿದ್ಯೆ ಶಾಸ್ತ್ರವಾದದ್ದು, ಸೆಟ್ಟನ್ನು ಯಾವುದರಲ್ಲಿ ಮಾಡುವುದು ಎಂಬ ಪ್ರಶ್ನೆ ಬಿಟ್ಟು, ಅದು ಕೂರುವ ಬಾಯಿ ಹೇಗಿದೆ ಎಂದು ನೋಡತೊಡಗಿದಾಗ. ದವಡೆಯ ಚಲನೆಯನ್ನು ಜ್ಯಾಮಿತಿಗೆ ತಂದ ಬಾನ್‌ವಿಲ್, ಅದನ್ನು ಉಪಕರಣದಲ್ಲಿ ಮೂಡಿಸಿದ ಜ್ಯೂರಿಕ್‌ನ ಗೀಸಿ, 1920ರ ದಶಕದಲ್ಲಿ ಸಮತೋಲದ ಕಚ್ಚುವಿಕೆಗೆ ಸೂತ್ರ ಕಟ್ಟಿದ ಹನೌ ಈ ದಾರಿ ತೆರೆದವರು. 1937ರಲ್ಲಿ ಅಕ್ರಿಲಿಕ್ ಬಂದು ವಲ್ಕನೈಟನ್ನು ಮೂಲೆಗೆ ತಳ್ಳಿತು. ವಸಡಿನ ಬಣ್ಣ ಸಿಕ್ಕಿತು, ರಿಪೇರಿ ಸುಲಭವಾಯಿತು. ಮೂಲತತ್ತ್ವ ಮಾತ್ರ ಬದಲಾಗಲಿಲ್ಲ.

ಹಿಡಿತ, ಸ್ಥಿರತೆ, ಆಧಾರ ಎಂಬ ಮೂರನ್ನು ದಂತ ಕಾಲೇಜಿನ ಮೊದಲ ಪಾಠದಲ್ಲೇ ಕಲಿಸುತ್ತಾರೆ. ಸೆಟ್ಟಿಗೂ ವಸಡಿಗೂ ನಡುವೆ ಜೊಲ್ಲಿನ ತೆಳು ಪೊರೆಯಿದ್ದು, ಸುತ್ತ ಅಂಚು ಮುಚ್ಚಿದ್ದರೆ, ಒದ್ದೆಯಾದ ಎರಡು ಗಾಜಿನ ಹಾಳೆಗಳಂತೆ ಅವು ಅಂಟಿಕೊಳ್ಳುತ್ತವೆ. ಅಂಚು ಮುಚ್ಚುವ ಕೆಲಸವೇ ಬಾರ್ಡರ್ ಮೋಲ್ಡಿಂಗ್. ಗ್ರೀನ್ ಸ್ಟಿಕ್ ಎಂಬ ಅಚ್ಚುದ್ರವ್ಯದ ಕಡ್ಡಿಯನ್ನು ದೀಪದಲ್ಲಿ ಮೆದುಮಾಡಿ, ಆ ರೋಗಿಯ ಬಾಯಿಗೆಂದೇ ಮಾಡಿದ ಸ್ಪೆಷಲ್ ಟ್ರೇಯ ಅಂಚಿಗೆ ಹಚ್ಚಿ, ಬಿಸಿನೀರಿನಲ್ಲಿ ಅದ್ದಿ ಹದಮಾಡಿ ಬಾಯಿಗಿಡಬೇಕು. ಕೆನ್ನೆಯನ್ನು ಹೊರಕ್ಕೂ ಕೆಳಕ್ಕೂ ಎಳೆಯಬೇಕು, ನಾಲಿಗೆ ಚಾಚಿಸಬೇಕು. ಸ್ನಾಯು ತಾನೇ ತನ್ನ ಗಡಿ ಬರೆದುಕೊಡುತ್ತದೆ. ಮೇಲಿನ ಸೆಟ್ಟು ಹಿಂದೆ ಎಲ್ಲಿ ಮುಗಿಯಬೇಕೆಂದು ತಿಳಿಯಲು ರೋಗಿಯಿಂದ 'ಆ' ಅನ್ನಿಸಿ, ಅಂಗುಳಿನ ಕದಲುವ ಗೆರೆಯನ್ನು ಪೆನ್ಸಿಲಿನಿಂದ ಗುರುತಿಸಬೇಕು. ಈ ಹತ್ತು ನಿಮಿಷದಲ್ಲಿ ಅವಸರ ಮಾಡಿದವರಿಗೆ ಮುಂದಿನ ಯಾವ ಹಂತವೂ ಕೈಹಿಡಿಯುವುದಿಲ್ಲ.

ಮುಂದಿನದು ದವಡೆಗಳ ಅಂತರ. ದವಡೆ ವಿರಮಿಸಿದಾಗಿನ ಎತ್ತರಕ್ಕೂ ಹಲ್ಲು ಕೂಡಿದಾಗಿನ ಎತ್ತರಕ್ಕೂ ಸಾಮಾನ್ಯವಾಗಿ 2ರಿಂದ 4 ಮಿ.ಮೀ. ವ್ಯತ್ಯಾಸವಿರಬೇಕು. ಅದನ್ನು ನುಂಗಿಹಾಕಿದರೆ ಮಾತಿನಲ್ಲಿ ಹಲ್ಲು ಟಕಟಕ ಎನ್ನುತ್ತದೆ, ವಸಡು ನೋಯುತ್ತದೆ. ಅತಿಯಾಗಿ ಬಿಟ್ಟರೆ ಗಲ್ಲ ಮೂಗಿನತ್ತ ಏರಿ ಬಾಯಿಯ ಮೂಲೆಗಳು ಒಡೆಯುತ್ತವೆ. ಈ ಅಂತರ ಸರಿಯಿದೆಯೇ ಎಂದು ನೋಡುವ 'ಸ'ಕಾರದ ಪರೀಕ್ಷೆಗೆ ಅಮೆರಿಕದ ಪಠ್ಯಪುಸ್ತಕಗಳು 'ಮಿಸಿಸಿಪ್ಪಿ' ಎನ್ನಿಸುತ್ತವೆ. ನಮ್ಮ ಹಳ್ಳಿಯ ಅಜ್ಜಿಗೆ 'ಸಾಸಿವೆ' ಸಾಕು.

ಎಷ್ಟು ಚೆನ್ನಾಗಿ ಮಾಡಿದರೂ ಸೆಟ್ಟು ಸ್ವಂತ ಹಲ್ಲಾಗದು. ಪಠ್ಯಗಳು ಕೊಡುವ ಅಂದಾಜಿನಂತೆ, ಒಂದು ದವಡೆಯ ಸ್ವಂತ ಹಲ್ಲುಗಳಿಗೆ ಬೇರಿನ ಸುತ್ತಲ ನಾರುಗಳಿಂದ ಸುಮಾರು 45 ಚದರ ಸೆಂ.ಮೀ. ಆಧಾರ ಸಿಗುತ್ತದೆ. ಸೆಟ್ಟಿಗೆ ಸಿಗುವ ವಸಡಿನ ನೆಲ ಮೇಲೆ ಸುಮಾರು 23, ಕೆಳಗೆ ಬರೀ 12. ಆ ನೆಲವೂ ನಿಲ್ಲುವುದಿಲ್ಲ. ಹಲ್ಲು ಹೋದ ದವಡೆಯ ದಿಣ್ಣೆ ವರ್ಷವರ್ಷವೂ ಸವೆಯುತ್ತದೆ. ಸೆಟ್ಟು ಧರಿಸಿದವರನ್ನು 25 ವರ್ಷ ಹಿಂಬಾಲಿಸಿದ ಟಾಲ್‌ಗ್ರೆನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಳದವಡೆಯ ಮುಂಭಾಗ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆದಿತ್ತು. ಕೆಳಗಿನ ಸೆಟ್ಟು ನಿಲ್ಲುವುದಿಲ್ಲ ಎಂಬ ನಿತ್ಯದ ದೂರಿಗೆ ಈ ಕಿರಿದಾದ, ಸವೆಯುವ ನೆಲ ದೊಡ್ಡ ಕಾರಣ.

ಇದಕ್ಕೆ ಪರಿಹಾರ ಸ್ವೀಡನ್ನಿನಿಂದ ಬಂತು. ಮೂಳೆ ಟೈಟಾನಿಯಂಗೆ ಬೆಸೆದುಕೊಳ್ಳುವುದನ್ನು ಕಂಡುಕೊಂಡ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಕೂರಿಸಿದರು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್‌ಗಳ ಮೇಲೆ ಕೂರುವ ಸೆಟ್ಟೇ ಮೊದಲ ಆಯ್ಕೆಯಾಗಬೇಕೆಂದರು. ವೈದ್ಯಕೀಯವಾಗಿ ಅದು ಸರಿ. ಆದರೆ ಆ ಖರ್ಚು ಹೊರಲಾರದವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಮಣಿಪಾಲದಲ್ಲಿ 1965ರಿಂದ, ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ 1958ರಿಂದ ವಿದ್ಯಾರ್ಥಿಗಳು ಕಲಿಯುತ್ತ ಬಂದಿರುವ ಸಾದಾ ಸೆಟ್ಟೇ ಅವರಿಗೆ ಆಸರೆ. ಕಂಪ್ಯೂಟರಿನಲ್ಲಿ ರೂಪಿಸಿ ಮುದ್ರಿಸುವ ಡೆಂಚರುಗಳು ಈಗ ಬಂದಿವೆ. ಆದರೆ ಅಂಚು ತಪ್ಪಿದ ಅಚ್ಚನ್ನು ಸ್ಕ್ಯಾನ್ ಮಾಡಿದರೆ ಆ ತಪ್ಪೇ ಅಷ್ಟೇ ನಿಖರವಾಗಿ ಮುದ್ರಣಗೊಳ್ಳುತ್ತದೆ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮ ಪಾಲಿನ ಸೆಟ್ಟುಗಳ ಕೋಟಾ ಮುಗಿಯಿತೆಂದು ಸೆಟ್ಟು ಕೊಟ್ಟು ಕೈತೊಳೆದುಕೊಳ್ಳಬೇಡಿ. ಮರುದಿನ ಕರೆಸಿ, ಒತ್ತಿ ಕೆಂಪಾದ ಜಾಗ ಹುಡುಕಿ ಉಜ್ಜಿಕೊಡಿ. ರಾತ್ರಿ ತೆಗೆದು ನೀರಿನಲ್ಲಿಡಲು, ಮೊದಲ ವಾರಗಳಲ್ಲಿ ಮೆದು ಅನ್ನವನ್ನು ಎರಡೂ ಕಡೆ ಹಾಕಿಕೊಂಡು ಅಗಿಯಲು ಹೇಳಿಕೊಡಿ. ಸವೆದ ದಿಣ್ಣೆಗೆ ತಕ್ಕಂತೆ ಸೆಟ್ಟಿನ ಒಳಮೈ ಮತ್ತೆ ತುಂಬಿಸಬೇಕಾಗುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಬರಲು ತಪ್ಪದೆ ತಿಳಿಸಿ.