ಕಾರ್ಖಾನೆ ಕಚೇರಿ ಕೆಲಸ, ಭದ್ರಾವತಿ

ಕಾರ್ಖಾನೆಯಲ್ಲಿ ಸರಕು ತಯಾರಿಸುವ ಕೆಲಸಕ್ಕೆ ಬೆನ್ನೆಲುಬಾಗಿ ನಿಂತು ಹಾಜರಿ, ಸಂಬಳ, ದಾಸ್ತಾನು, ರವಾನೆ, ಪತ್ರವ್ಯವಹಾರಗಳನ್ನು ನಡೆಸುವ ಕೆಲಸ. ಶಿವಮೊಗ್ಗ ಜಿಲ್ಲೆಯಲ್ಲಿ ಇದು ದೊಡ್ಡದಾಗಿ ಬೆಳೆದದ್ದು ಭದ್ರಾವತಿಯ ಎರಡು ಕಡೆ: 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ, ಅಂದರೆ ಇಂದಿನ ವಿಐಎಸ್‌ಎಲ್, ಮತ್ತು 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್.

ಕಬ್ಬಿಣದ ಕಾರ್ಖಾನೆಯ ಲೆಕ್ಕ ಶುರುವಾಗುತ್ತಿದ್ದುದೇ ಗೇಟಿನಾಚೆ. ಕಲ್ಲಿದ್ದಲಿಲ್ಲದ ಸೀಮೆಯಲ್ಲಿ ಊದುಕುಲುಮೆ ಉರಿದದ್ದು ಇದ್ದಿಲಿನಿಂದ. ಅದಕ್ಕೆ ಮಲೆನಾಡಿನ ಸೌದೆ ಬರಬೇಕು. ಅದಿರು ಕೆಮ್ಮಣ್ಣುಗುಂಡಿಯಿಂದ ಇಳಿಯಬೇಕು. ಬಂದ ಸೌದೆ, ಇಳಿದ ಅದಿರು, ಕೊಟ್ಟ ಕೂಲಿ ತಾಳೆಯಾಗದಿದ್ದರೆ ಒಂದು ಟನ್ ಬೀಡುಕಬ್ಬಿಣಕ್ಕೆ ತಗುಲಿದ ವೆಚ್ಚವೇ ತಿಳಿಯದು. 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಎಂ. ವಿಶ್ವೇಶ್ವರಯ್ಯ ನಷ್ಟದ ಕಾರ್ಖಾನೆಯಲ್ಲಿ ವೆಚ್ಚಕ್ಕೆ ಕತ್ತರಿ ಹಾಕಿದರು. ಅಮೆರಿಕನ್ ತಜ್ಞರ ಜಾಗಕ್ಕೆ ಇಲ್ಲಿಯವರನ್ನೇ ತಂದರು. ಈ ಸೇವೆಗೆ ತಮಗೆ ಸಲ್ಲಬೇಕಿದ್ದ ಹಣವನ್ನು ಅವರು ಇಟ್ಟುಕೊಳ್ಳಲಿಲ್ಲ; ಅದು ಬೆಂಗಳೂರಿನ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯ ಸ್ಥಾಪನೆಗೆ ಹೋಯಿತು.

ಕಚೇರಿಗಳಲ್ಲೆಲ್ಲ ಕಾರ್ಮಿಕನಿಗೆ ಹತ್ತಿರದ್ದು ಟೈಮ್ ಆಫೀಸು. ಕುಲುಮೆ ಹಗಲು ರಾತ್ರಿ ಉರಿಯುವುದರಿಂದ ಕೆಲಸ ಮೂರು ಪಾಳಿಯಲ್ಲಿ ನಡೆಯಬೇಕು. ಯಾರು ಯಾವ ಪಾಳಿಗೆ ಬಂದರು, ಯಾರ ಬದಲಿಗೆ ಯಾರು ನಿಂತರು ಎಂಬುದು ಟಿಕೆಟ್ ನಂಬರಿನ ಮೇಲೆ ಮಸ್ಟರ್ ರೋಲಿಗೆ ಏರುತ್ತದೆ. 1948ರ ಕಾರ್ಖಾನೆ ಕಾಯ್ದೆ ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ, 20 ದಿನದ ದುಡಿಮೆಗೆ ಒಂದು ದಿನ ಸಂಬಳದ ರಜೆ ಎಂದು ಗೊತ್ತುಮಾಡಿತು. ಸಾವಿರ ಮತ್ತು ಅದಕ್ಕೂ ಹೆಚ್ಚು ಜನರಿರುವಲ್ಲಿ ತಿಂಗಳು ಮುಗಿದ ಹತ್ತು ದಿನದೊಳಗೆ ಬಟವಾಡೆ ಆಗಬೇಕೆಂದು ಅದಕ್ಕೂ ಹಿಂದಿನ 1936ರ ವೇತನ ಪಾವತಿ ಕಾಯ್ದೆ ಹೇಳಿತ್ತು. ಗುಮಾಸ್ತ ಒಂದು ಹಾಜರಿ ಬಿಟ್ಟರೆ ರಜೆ, ಸಂಬಳ, ಭವಿಷ್ಯನಿಧಿ ಮೂರೂ ಏರುಪೇರಾಗುತ್ತವೆ. ಬಾಗಿಲಲ್ಲಿ ಜಗಳ ಏಳುವುದು ಸಹಜವೇ.

ಉಗ್ರಾಣದಲ್ಲಿ ಇಂಡೆಂಟ್, ತೂಕಸೇತುವೆಯಲ್ಲಿ ಚೀಟಿ, ಗೇಟಿನಲ್ಲಿ ಪಾಸು. ಇವಲ್ಲದೆ ನ್ಯೂಟೌನ್, ಪೇಪರ್‌ಟೌನ್‌ಗಳಂಥ ಕಾರ್ಖಾನೆ ಬಡಾವಣೆಗಳಿಂದಾಗಿ ಮನೆ ಹಂಚಿಕೆ, ನೀರು, ದೀಪಗಳ ಕಡತವೂ ಕಚೇರಿಯ ಮೇಜಿಗೇ ಬಂತು. ಪುರಸಭೆ ಮಾಡುವಂಥ ಕೆಲಸ.

ಕಬ್ಬಿಣದ ಕಾರ್ಖಾನೆ 1962ರಲ್ಲಿ ಕಂಪನಿಯಾಯಿತು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಬಂತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಕಾಗದದ ಯಂತ್ರಗಳು 2015ರಲ್ಲಿ ನಿಂತವು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಯಂತ್ರ ನಿಂತ ಕಡೆಯೂ ಕಡತ ಮುಚ್ಚುವುದಿಲ್ಲ: ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಗ್ರ್ಯಾಚುಯಿಟಿ ಕಟ್ಟುವುದು ಸೇವಾ ಪುಸ್ತಕ ನೋಡಿಯೇ.